ಹುಳು ಹಿಡಿಯುವ ಹುಡುಗನ ಆಟ

ಮಕ್ಕಳ ಆಟದ ವಿಷಯ ಬಂದಾಗ ಹಿರಿಯರಾದ ನಾವು ಎರಡೇ ಮಾತುಗಳನ್ನು ಬಲ್ಲೆವು. ‘ಆಡಿಕೊಳ್ಳಲಿ ಬಿಡಿ’ ಎಂಬುದೊಂದು. ‘ಮೊದಲು ಅದನ್ನು ಎತ್ತಿಡಿ’ ಎಂಬುದಿನ್ನೊಂದು. ಆಟದೊಳಗೆ ಏನಿದೆಯೆಂದು ನೋಡುವ ತಾಳ್ಮೆ ನಮ್ಮಲ್ಲಿ ಕಡಿಮೆ. ಜಪಾನಿನ ‘ಪೋಕೆಮಾನ್’ ಆಟವು ಜಗತ್ತಿಗೆ ಹಳೆಯದಾದರೂ ನನಗೆ ಹೊಸತು. ಅಂಕೋಲಾ ತಾಲ್ಲೂಕಿನ ಬೆಳಂಬಾರದಲ್ಲಿ ಪರಿಚಿತರ ಮನೆಯ ಮಕ್ಕಳೊಡನೆ ಕುಳಿತು ಆಟವನ್ನೂ ಅದರ ಚಿತ್ರಮಾಲಿಕೆಯ ಮೊದಲ ಕಂತುಗಳನ್ನೂ ನೋಡಿದಾಗ ಮೂಡಿದ ವಿಚಾರಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಈ ಆಟವನ್ನು ಕಲ್ಪಿಸಿದವರು 1965ರಲ್ಲಿ ಜನಿಸಿದ ಸತೋಶಿ ತಾಜಿರಿ. ಅವರ ಬಾಲ್ಯ ಕಳೆದದ್ದು ಟೋಕಿಯೋದ ಅಂಚಿನ ಮಾಚಿದಾದಲ್ಲಿ. ಗದ್ದೆ, ಕೊಳ, ತೋಪುಗಳಲ್ಲಿ ಅಲೆದು ಹುಳುಗಳನ್ನು ಹಿಡಿಯುವುದೇ ಅವರ ಹವ್ಯಾಸವಾಗಿತ್ತು. ಜೊತೆಗಾರರು ಅವರನ್ನು ‘ಹುಳುಗಳ ಡಾಕ್ಟರು’ ಎಂದು ಕರೆಯುತ್ತಿದ್ದರಂತೆ. ನಗರ ಬೆಳೆದಂತೆ ಮರಗಳು ಉರುಳಿದವು, ಕೊಳವಿದ್ದೆಡೆ ಕಟ್ಟಡಗಳೆದ್ದವು. ತಾವು ಕಂಡ ಸುಖವನ್ನು ಮುಂದಿನ ಮಕ್ಕಳಿಗೆ ಬೇರೊಂದು ರೂಪದಲ್ಲಿ ಕೊಡಬೇಕೆಂದು ಅವರು ಗೆಳೆಯರೊಡಗೂಡಿ ಸುಮಾರು 6 ವರ್ಷ ದುಡಿದರು. 1996ರ ಫೆಬ್ರವರಿ 27ರಂದು ಅಂಗೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್’ ಯಂತ್ರಕ್ಕಾಗಿ ಈ ಆಟವು ಹೊರಬಂದಿತು.

ಆಟದಲ್ಲಿದ್ದ ಕಾಲ್ಪನಿಕ ಪ್ರಾಣಿಗಳು 151. ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳಿದ್ದು, ಒಂದರಲ್ಲಿಯೇ ಎಲ್ಲವೂ ಸಿಗುತ್ತಿರಲಿಲ್ಲ. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಗೆಳೆಯನಿಗೆ ತನ್ನದನ್ನು ಕೊಟ್ಟು, ಅವನದನ್ನು ಪಡೆಯಬೇಕಾಗಿತ್ತು. ಒಬ್ಬಂಟಿಗನಿಗೆ ಈ ಸಂಗ್ರಹ ಪೂರ್ಣವಾಗದು ಎಂಬುದು ಗಮನಾರ್ಹ.

ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ಆಟವೆಂದರೆ ಜೀವದಯೆಯನ್ನು ಕಲಿಸುವ ಮನೆಗಳಲ್ಲಿ ಅಸಮಾಧಾನ ಹುಟ್ಟುವುದು ಸಹಜ. ಸೋತ ಪ್ರಾಣಿ ಇಲ್ಲಿ ಸಾಯದೆ ಮೂರ್ಛೆ ಹೋಗಿ, ಆರೈಕೆಯಿಂದ ಚೇತರಿಸಿಕೊಳ್ಳುತ್ತದೆ. ಅಷ್ಟರಿಂದಲೇ ನನ್ನ ಅಸಮಾಧಾನ ತೀರಲಿಲ್ಲ. ಆದರೆ 1997ರ ಏಪ್ರಿಲ್ 1ರಂದು ಜಪಾನಿನಲ್ಲಿ ಆರಂಭವಾದ ಚಿತ್ರಮಾಲಿಕೆಯ ಮೊದಲ ಕಂತು ಬೇರೆಯದೇ ಮಾತನ್ನಾಡುತ್ತದೆ. ಪಿಕಾಚು ಎಂಬ ಹಳದಿ ಪ್ರಾಣಿ ಹುಡುಗನ ಮಾತನ್ನು ಕೇಳದು. ಸೆರೆಯ ಚೆಂಡಿನೊಳಗೆ ಹೋಗಲೂ ಒಪ್ಪದು. ಹಕ್ಕಿಗಳ ಹಿಂಡು ಎರಗಿದಾಗ ಹುಡುಗ ತನ್ನ ಮೈಯನ್ನೇ ಅದಕ್ಕೆ ಅಡ್ಡಗೊಡ್ಡುತ್ತಾನೆ. ಆ ಬಳಿಕವೇ ಸ್ನೇಹ ಮೂಡುತ್ತದೆ. ಹಿಡಿದುದರಿಂದ ಒಲಿಯದ ಜೀವ ಕಾಪಾಡಿದುದರಿಂದ ಒಲಿಯಿತು.

ಪಾಲಕರು ಅರಿಯಬೇಕಾದ ಇನ್ನೊಂದು ಸಂಗತಿಯಿದೆ. 1997ರ ಡಿಸೆಂಬರ್ 16ರಂದು ಪ್ರಸಾರವಾದ ಕಂತೊಂದರಲ್ಲಿ ಕೆಂಪು-ನೀಲಿ ಬೆಳಕು ಅತಿವೇಗವಾಗಿ ಮಿನುಗಿದ್ದರಿಂದ ಜಪಾನಿನಲ್ಲಿ 600ಕ್ಕೂ ಹೆಚ್ಚು ಜನರನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಪ್ರಸಾರ 4 ತಿಂಗಳು ನಿಂತು, ಅಂತಹ ಬೆಳಕಿಗೆ ನಿಯಮಗಳು ಬಂದವು. ಮಕ್ಕಳು ಯಾವುದೇ ಚಿತ್ರವನ್ನು ನೋಡುವಾಗ ಕೋಣೆಯಲ್ಲಿ ದೀಪ ಉರಿಯುತ್ತಿರಲಿ, ಪರದೆ ಕಣ್ಣಿಗೆ ತೀರ ಸಮೀಪವಿರದಿರಲಿ.

ನನ್ನ ಮುಖ್ಯ ಚಿಂತೆ ಬೇರೆ. ಆ ಮಕ್ಕಳು ಕಾಲ್ಪನಿಕ ಪ್ರಾಣಿಗಳ ಹೆಸರು, ಗುಣ, ಬಲಾಬಲಗಳನ್ನು ತಡವರಿಸದೆ ಹೇಳಬಲ್ಲರು. ಅಂಗಳದಾಚೆಯ ಗದ್ದೆಯಂಚಿನ ದುಂಬಿಯನ್ನೂ ಮರಳಿನ ಏಡಿಯನ್ನೂ ‘ಹುಳು’, ‘ಏಡಿ’ ಎಂಬುದಕ್ಕಿಂತ ಹೆಚ್ಚಾಗಿ ಬಲ್ಲವರಲ್ಲ. ಇದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿಗಳನ್ನು ಬೆಳೆಸಿದ ಆ ತಾಯಿಯ ಸಸ್ಯಜ್ಞಾನವನ್ನು ಕಂಡು ಜನರು ಅವರನ್ನು ‘ಕಾಡಿನ ವಿಶ್ವಕೋಶ’ ಎಂದು ಕರೆದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ಅವರು 2024ರ ಡಿಸೆಂಬರಿನಲ್ಲಿ ನಮ್ಮನ್ನಗಲಿದರು. ಅವರ ಅರಿವು ಸಂಗ್ರಹಿಸಿದ್ದರಿಂದಲ್ಲ, ಸಾಕಿ ಬೆಳೆಸಿದ್ದರಿಂದ ಬಂದುದು.

ತಾಜಿರಿಯವರು ಗದ್ದೆಗಳು ಮರೆಯಾದ ಮೇಲೆ ಅವುಗಳ ನೆನಪನ್ನು ಆಟವಾಗಿಸಿದರು. ನಮ್ಮ ಕರಾವಳಿಯಲ್ಲಿ ಹೆದ್ದಾರಿ ಅಗಲವಾಗಿದೆ, ಕಾರವಾರದ ನೌಕಾನೆಲೆಗಾಗಿ ಅನೇಕ ಕುಟುಂಬಗಳು ನೆಲ ಬಿಟ್ಟುಕೊಟ್ಟಿವೆ. ಆದರೂ ಬೆಳಂಬಾರದ ಮಕ್ಕಳಿಗೆ ಗದ್ದೆಯೂ ಕಡಲೂ ಇನ್ನೂ ನಡೆದು ತಲಪುವಷ್ಟು ಹತ್ತಿರದಲ್ಲಿವೆ.

ಆದ್ದರಿಂದ ಆಟವನ್ನು ನಿಷೇಧಿಸಬೇಕೆಂದು ನಾನು ಹೇಳಲಾರೆ. ಅದಕ್ಕೊಂದು ಹೊತ್ತು ಗೊತ್ತುಮಾಡಿರಿ. ಪರದೆಯಲ್ಲಿ ಒಂದು ಹೊಸ ಪ್ರಾಣಿಯನ್ನು ಹಿಡಿದ ದಿನ ಅಂಗಳದ ಒಂದು ಜೀವಿಯನ್ನು ಗುರುತಿಸಲು ಹೇಳಿರಿ. ಊರಮಾತಿನಲ್ಲಿ ಅದರ ಹೆಸರೇನೆಂದು ಅಜ್ಜಿಯನ್ನು ಕೇಳಿ, ಅದೇನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಹಿಡಿಯುವುದು ಬೇಡ, ನೋಡಿದರೆ ಸಾಕು. ಅಜ್ಜಿಗೂ ಹೆಸರು ತಿಳಿಯದಿದ್ದರೆ ಇಬ್ಬರೂ ಕೂಡಿ ನೆರೆಮನೆಯವರನ್ನು ಕೇಳಲಿ.