ಫೋಟೋ ತೆಗೆದದ್ದಾಯ್ತು, ಕೊಡೋದು ಯಾವಾಗ?

ಮೊದಲೇ ಹೇಳಿಬಿಡ್ತೀನಿ, ಇದು ಬೈಗುಳದ ಬರಹ. ಬೈಸಿಕೊಳ್ಳೋರ ಸಾಲಿನಲ್ಲಿ ಮೊದಲು ನಿಂತಿರೋನು ನಾನೇ. ಹಾಗಾಗಿ ಓದಿ ಯಾರೂ ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡ್ರೂ ಪರವಾಗಿಲ್ಲ :-)

ವಿಷಯ ಇಷ್ಟೇ. ನಾವು ಬೆಂಗಳೂರಿನಿಂದ ಕ್ಯಾಮೆರಾ ನೇತುಹಾಕ್ಕೊಂಡು ಹಳ್ಳಿ ಜಾತ್ರೆಗಳಿಗೆ ಹೋಗ್ತೀವಿ. ಅಲ್ಲಿನ ಜನರ ಮುಖಗಳನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿಕೊಂಡು ಬರ್ತೀವಿ. ಮುಖ ಕೊಟ್ಟವರಿಗೆ ಒಂದೇ ಒಂದು ಪ್ರಿಂಟ್ ಕೊಡಲ್ಲ. ಇದು ಕಳ್ಳತನಕ್ಕೆ ತೀರಾ ಹತ್ತಿರದ ಕೆಲಸ ಅನ್ನೋದು ನನ್ನ ವಾದ.

2024ರ ಡಿಸೆಂಬರ್ ಕೊನೆಯ ವಾರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ: ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ರಥೋತ್ಸವಕ್ಕೆ ಮುಂಚೆ ಸೇರುವ ಈ ಜಾತ್ರೆ ಹಳ್ಳಿಕಾರ್ ಜೋಡಿಗಳಿಗೆ ಹೆಸರುವಾಸಿ. ಬೆಳಗಿನ ಮಂಜು, ದನಗಳು ಎಬ್ಬಿಸೋ ಧೂಳು, ಮೂರು ಕಲ್ಲಿನ ಒಲೆಗಳ ಹೊಗೆ, ಇದೆಲ್ಲದರ ನಡುವೆ ಓರೆಯಾಗಿ ಬೀಳೋ ಎಳೆಬಿಸಿಲು... ಫೋಟೋ ಹುಚ್ಚಿರೋರಿಗೆ ಇನ್ನೇನು ಬೇಕು? ಅದಕ್ಕೇ ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೆಬ್ಬಾಳ ದಾಟಿ ನಮ್ಮಂಥವರ ಕಾರುಗಳು ಸಾಲಾಗಿ ಹೊರಡ್ತವೆ.

ಅವತ್ತು ಒಂದು ಹುಣಸೆ ಮರದ ಕೆಳಗೆ ವ್ಯಾಪಾರ ನಡೀತಿತ್ತು. ದನದ ವ್ಯಾಪಾರ ನೋಡಿದ್ದೀರಲ್ಲ? ದಳ್ಳಾಳಿ ಮತ್ತು ಯಜಮಾನ ಎದುರುಬದುರು ನಿಂತು, ಕೈ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿಕೊಳ್ತಾರೆ. ಒಳಗೆ ಬೆರಳು ಹಿಡಿದೇ ರೇಟು ಹೇಳೋದು. ಯಾವ ಬೆರಳು ಎಷ್ಟು ಅಂತ ಅವರಿಬ್ಬರಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ನಿಂತವರಿಗೆ ಗೊತ್ತಾಗಬಾರದು ಅಂತಲೇ ಟವೆಲ್ಲು. ಅಂಥಾ ಹೊತ್ತಲ್ಲಿ ನಮ್ಮ ಗುಂಪಿನವನೊಬ್ಬ ಲೆನ್ಸನ್ನ ಗೇಣುದ್ದ ದೂರಕ್ಕೆ ತಗೊಂಡೋಗಿ, "ಯಜಮಾನ್ರೇ, ಟವೆಲ್ ಒಂಚೂರು ಮೇಲೆತ್ತಿ, ಬೆರಳು ಕಾಣ್ಲಿ" ಅಂದ! ಅವನ ಹಿಂದೆ ನಾವು ಎಂಟು ಜನ, ಎಂಟು ಕ್ಯಾಮೆರಾ. ಇನ್ನೊಬ್ಬ ಹೋರಿಯ ಮೂತಿಗೇ ಫ್ಲಾಷ್ ಬಿಟ್ಟ. ಅದು ಬೆದರಿ ಹಗ್ಗ ಜಗ್ಗಿತು. ಕೊಳ್ಳೋಕೆ ಬಂದಿದ್ದ ರೈತ ಹೆಗಲ ಮೇಲೆ ಟವೆಲ್ ಹಾಕ್ಕೊಂಡು, "ನಿಮ್ ಸಿನಿಮಾ ಮುಗೀಲಿ, ಆಮ್ಯಾಕ್ ಬತ್ತೀನಿ" ಅಂತ ಹೊರಟುಹೋದ. ನಾವಲ್ಲಿ ಇರೋವರೆಗೂ ವಾಪಸ್ ಬರಲಿಲ್ಲ.

ಆ ಜೋಡಿಯ ಬೆಲೆ ಲಕ್ಷಗಳಲ್ಲಿ. ಹುರುಳಿ ಬೇಯಿಸಿ ಹಾಕಿ, ಮೈ ಉಜ್ಜಿ, ಕೊಂಬು ಹೆರೆಸಿ, ಮಕ್ಕಳ ಥರ ಸಾಕಿದ ಹೋರಿಗಳು. ಆ ಮನುಷ್ಯ ನಮ್ಮನ್ನ ಬೈಯಲೂ ಇಲ್ಲ. ಸುಮ್ಮನೆ ಹೋರಿಯ ಬೆನ್ನು ಸವರ್ತಾ ನಿಂತ. ಅದನ್ನೂ ಇಬ್ಬರು ಕ್ಲಿಕ್ಕಿಸಿದರು.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಅದಾಗಿ ಒಂದು ಗಂಟೆಯ ಮೇಲೆ.

ಅದರ ಹಿಂದಿನ ಜಾತ್ರೆಯಲ್ಲಿ ಒಬ್ಬ ಅಜ್ಜನ ಫೋಟೋ ತೆಗೆದಿದ್ದೆ. ಬಿಳಿ ಮೀಸೆ, ಕೆಂಪು ಟವೆಲ್, ಹಿಂದೆ ಹೊಗೆ. ಇಂಟರ್ನೆಟ್ಟಿನಲ್ಲಿ ಹಾಕಿದ್ದೆ. "ಮಣ್ಣಿನ ಮಗ" ಅಂತ ಶೀರ್ಷಿಕೆ ಬೇರೆ (ಈಗ ನೆನೆದರೆ ನಾಚಿಕೆ ಆಗುತ್ತೆ). ಒಳ್ಳೆ ಲೈಕುಗಳು ಬಂದಿದ್ವು. ಎಷ್ಟೋ ಕುಟುಂಬಗಳು ವರ್ಷ ವರ್ಷ ಅದೇ ಜಾಗದಲ್ಲಿ ದನ ಕಟ್ಟುತ್ತವೆ. ಹಾಗೇ ಹುಡುಕಿಕೊಂಡು ಹೋದೆ. ಅಜ್ಜ ಇರಲಿಲ್ಲ, ಮಗ ಇದ್ದರು. ನನ್ನ ಬ್ಯಾಗ್ ನೋಡಿ ಗುರುತು ಹಿಡಿದರು.

"ನೀವು ಓದ್ ಸಲ ಪಟ ಇಡ್ದೋರಲ್ವಾ ಸಾರ್?"

"ಹೌದಣ್ಣ. ಅಜ್ಜ ಬಂದಿಲ್ವಾ?"

"ನಮ್ಮಪ್ಪ ತೀರ್ಕಂಡು ಆರ್ ತಿಂಗ್ಳಾಯ್ತು. ಕಳುಸ್ತೀನಿ ಅಂದಿದ್ರಿ, ಬರ್ಲಿಲ್ಲ. ಆಧಾರ್ ಕಾರ್ಡಿಂದೇ ದೊಡ್ದು ಮಾಡ್ಸಿ ಗೋಡೆಗ್ ಆಕಿವಿ. ಅದ್ರಾಗೆ ಅವ್ರ ಮಕ ಅವ್ರಂಗೇ ಇಲ್ಲ."

ನನ್ನ ಹಾರ್ಡ್ ಡಿಸ್ಕಿನಲ್ಲಿ ಆ ಅಜ್ಜನ 42 ಫೋಟೋ ಇದ್ವು. ಎರಡು ಕಡೆ ಬ್ಯಾಕಪ್ ಬೇರೆ. ಅವರ ಹೆಸರು, ಊರು, ಫೋನ್ ನಂಬರ್ ಮಾತ್ರ ಎಲ್ಲೂ ಬರೆದಿಟ್ಟಿರಲಿಲ್ಲ. "ಕಳಿಸ್ತೀನಿ ಅಜ್ಜ" ಅಂದಾಗ ಎಲ್ಲಿಗೆ ಕಳಿಸ್ತೀನಿ ಅಂದುಕೊಂಡಿದ್ದೆನೋ ದೇವರಿಗೇ ಗೊತ್ತು. ಮಾತು ಮರೆತುಹೋಯ್ತು ಅಂತ ಈಗ ಹೇಳಿದರೆ ಸುಳ್ಳಾಗುತ್ತೆ. ಕೊಡೋ ಉದ್ದೇಶ ಇದ್ದಿದ್ದರೆ ನಂಬರ್ ಕೇಳ್ತಿದ್ದೆ. ಅಲ್ವಾ?

ವಾಪಸ್ ಬರುವಾಗ ಕಾರಿನಲ್ಲಿ ಈ ಮಾತು ತೆಗೆದೆ. ದೊಡ್ಡ ಜಗಳವೇ ಆಯ್ತು. ಅಲ್ಲಿ ಬಂದ ವಾದಗಳನ್ನ ಒಂದೊಂದಾಗಿ ನೋಡೋಣ, ಯಾಕಂದ್ರೆ ನಿಮ್ಮಲ್ಲೂ ಅರ್ಧ ಜನ ಇದನ್ನೇ ಹೇಳ್ತೀರಿ.

"ಜಾತ್ರೆ ಸಾರ್ವಜನಿಕ ಜಾಗ, ಫೋಟೋ ತೆಗೆಯೋಕೆ ಯಾರಪ್ಪನ ಅಪ್ಪಣೆ ಬೇಕು?" ಕಾನೂನಿನ ಜಗಳಕ್ಕೆ ನಾನು ಬರಲ್ಲ. ಆದರೆ ನಮ್ಮ ಕೆಲಸ ಏನು ಅಂತ ಯೋಚಿಸಿ. ಸಾಫ್ಟ್‌ವೇರ್ ಬರೆಯೋರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಮೇಲೆ ಆಫೀಸಿನಲ್ಲಿ ಒಪ್ಪಿಗೆಯದ್ದೇ ಮಾತು. ಗ್ರಾಹಕನ ಒಂದು ಫೋನ್ ನಂಬರ್ ಇಟ್ಟುಕೊಳ್ಳೋಕೂ ಒಪ್ಪಿಗೆಯ ಬಾಕ್ಸ್ ಹಾಕ್ತೀವಿ, ಯಾಕೆ ಬೇಕು ಅಂತ ಬರೀತೀವಿ. ಸೋಮವಾರದಿಂದ ಶುಕ್ರವಾರದವರೆಗೆ ಇಷ್ಟು ಮಡಿ ಇರೋರು ಶನಿವಾರ ಬೆಳಿಗ್ಗೆ ಘಾಟಿಗೆ ಬಂದ ಕೂಡಲೇ ಇನ್ನೊಬ್ಬರ ಇಡೀ ಮುಖವನ್ನೇ ಕೇಳದೆ ಎತ್ತಿಕೊಂಡು ಹೋಗ್ತೀವಲ್ಲ, ಇದ್ಯಾವ ನ್ಯಾಯ?

"ಕೇಳಿದರೆ ಕ್ಯಾಂಡಿಡ್ ಹಾಳಾಗುತ್ತೆ." ಈ ಕ್ಯಾಂಡಿಡ್ ಅನ್ನೋ ಭೂತ ನಮಗೆ ಯಾವಾಗ ಹಿಡೀತೋ! "ಅಜ್ಜ, ಬೀಡಿ ಹಚ್ಚಿ, ಹೊಗೆ ಬಿಡಿ, ಈ ಕಡೆ ನೋಡ್ಬೇಡಿ" ಅಂತ ಹೇಳಿಸಿ ತೆಗೆಯೋದೂ ನಮಗೆ ಕ್ಯಾಂಡಿಡ್ಡೇ. ಬೀಡಿ ಸೇದದ ಮನುಷ್ಯನ ಕೈಗೆ ಬೀಡಿ ಕೊಟ್ಟದ್ದನ್ನ ಕಣ್ಣಾರೆ ನೋಡಿದ್ದೀನಿ. ನಾಟಕ ಮಾಡಿಸೋಕೆ ಬಾಯಿ ಇದೆ, "ತೆಗೀಬಹುದಾ?" ಅಂತ ಕೇಳೋಕೆ ಇಲ್ಲ.

"ಅವರಿಗೆ ಖುಷಿಯೇ ಆಗುತ್ತೆ ಕಣೋ, ನಗ್ತಾರಲ್ಲ." ನಗ್ತಾರೆ. ಮನೆ ಮುಂದೆ ಬಂದವರನ್ನ ನೋಡಿ ನಗೋ ಜನ ಅವರು. ಖುಷಿ ಆಗುತ್ತೆ ಅಂದಮೇಲೆ ಒಂದು ಪ್ರಿಂಟ್ ಕೊಟ್ಟರೆ ಇನ್ನೂ ಖುಷಿ ಆಗುತ್ತಲ್ಲ, ಯಾಕೆ ಕೊಡಲ್ಲ?

"ಜಾತ್ರೆಗಳು ಮರೆಯಾಗ್ತಿವೆ, ನಾವು ದಾಖಲೆ ಮಾಡ್ತಿದ್ದೀವಿ." ಇದಕ್ಕೇ ನನಗೆ ಜಾಸ್ತಿ ಸಿಟ್ಟು. ನಮ್ಮ ದಾಖಲೆಯ ಚಂದ ನೋಡಿ: "ಗ್ರಾಮೀಣ ಭಾರತ", "ರೈತ", "ಮುಗ್ಧ ನಗು". ಹೆಸರಿಲ್ಲ, ಊರಿಲ್ಲ. ಹೋರಿ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದೆಯೋ ಗೊತ್ತಿಲ್ಲ. ಸುಳಿ ಯಾಕೆ ನೋಡ್ತಾರೆ ಅಂತ ಕೇಳಿಲ್ಲ. ನೂರು ವರ್ಷ ಬಿಟ್ಟು ಇದನ್ನ ನೋಡೋರಿಗೆ ಏನು ತಿಳಿಯುತ್ತೆ? ಭಾರತದ ಅಂಚೆ ಇಲಾಖೆ 2000ದಲ್ಲಿ ದೇಶಿ ದನದ ತಳಿಗಳ ಅಂಚೆಚೀಟಿ ತಂದಿತು. ಗಿರ್, ಕಾಂಕ್ರೇಜ್, ಕಾಂಗೇಯಂ ಜೊತೆ ನಮ್ಮ ಹಳ್ಳಿಕಾರ್ ಕೂಡ ಅದರಲ್ಲಿತ್ತು, ತಳಿಯ ಹೆಸರಿನ ಸಮೇತ. ಒಂದಿಂಚಿನ ಅಂಚೆಚೀಟಿಯಲ್ಲಿ ಹೋರಿಗೆ ಸಿಕ್ಕ ಮರ್ಯಾದೆ ನಮ್ಮ 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಅದನ್ನ ಸಾಕಿದ ಮನುಷ್ಯನಿಗೆ ಸಿಕ್ಕಲ್ಲ.

2022ರಲ್ಲಿ ಚರ್ಮಗಂಟು ರೋಗ ಹಬ್ಬಿ ರಾಜ್ಯದಲ್ಲಿ ದನದ ಜಾತ್ರೆಗಳಿಗೆ ನಿಷೇಧ ಬಿತ್ತು. ಎಷ್ಟೋ ಮನೆಗಳಲ್ಲಿ ಸಾಕಿದ ಜೋಡಿ ಮಾರೋಕಾಗದೆ ಕುಳಿತರು, ಎಷ್ಟೋ ಕಡೆ ದನಗಳೇ ಸತ್ತವು. ನಮ್ಮ ಗುಂಪಿನಲ್ಲಿ ಆಗ ಬಂದ ಮಾತು ಒಂದೇ: "ಛೇ, ಈ ವರ್ಷ ಘಾಟಿ ಮಿಸ್ಸು." ಆ ಮಾತಿಗೆ ಹೂಂಗುಟ್ಟಿದವರಲ್ಲಿ ನಾನೂ ಒಬ್ಬ. ದಾಖಲೆಯ ಕಾಳಜಿ ಇದ್ದಿದ್ದರೆ ಆ ವರ್ಷವೇ ಊರುಗಳಿಗೆ ಹೋಗಬೇಕಿತ್ತು.

"ದೊಡ್ಡ ದೊಡ್ಡವರೇ ಹಾಗೆ ಮಾಡಿದ್ದಾರೆ." ಮಾಡಿದ್ದಾರೆ, ನಿಜ. ಅದರ ಕಥೆಯನ್ನೂ ಕೇಳಿ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಟಾಣಿ ಕೊಯ್ಯೋಕೆ ಬಂದು ಕೆಲಸವಿಲ್ಲದೆ ಕುಳಿತಿದ್ದ ತಾಯಿಯೊಬ್ಬಳ ಫೋಟೋ ತೆಗೆದವರು ಡೊರೊಥಿಯಾ ಲ್ಯಾಂಜ್. "ವಲಸೆ ತಾಯಿ" ಅಂತ ಜಗತ್ಪ್ರಸಿದ್ಧ ಆಯ್ತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ತನ್ನ ಹೆಸರನ್ನೂ ಕೇಳಲಿಲ್ಲ, ಪ್ರತಿ ಕಳಿಸ್ತೀನಿ ಅಂದವರು ಕಳಿಸಲೇ ಇಲ್ಲ ಅಂತ ಆಕೆ ಆಗ ಹೇಳಿಕೊಂಡರು. ಇನ್ನೊಂದು, 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಹಸಿರು ಕಣ್ಣಿನ ಆಫ್ಘನ್ ಹುಡುಗಿ. ಸ್ಟೀವ್ ಮೆಕ್‌ಕರಿ ಆ ಫೋಟೋ ತೆಗೆದದ್ದು 1984ರಲ್ಲಿ, ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ. ಪ್ರಪಂಚದಲ್ಲೆಲ್ಲ ಗೋಡೆ ಏರಿದ ಆ ಚಿತ್ರವನ್ನ ಶರ್ಬತ್ ಗುಲಾ ಸ್ವತಃ ನೋಡಿದ್ದು 2002ರಲ್ಲಿ. ಅಷ್ಟು ಹೆಸರು ಮಾಡಿದವರ ಫೋಟೋಗೇ ಇದು ಮಾಯದ ಕಲೆ. ನಮ್ಮದು ಒಂದು ವಾರದ ಲೈಕಿನ ಫೋಟೋ, ನಮಗೆ ಯಾವ ನೆಪ?

ಇನ್ನು "ಇದೆಲ್ಲ ಖರ್ಚು" ಅನ್ನೋರಿಗೆ ಏನು ಹೇಳಲಿ! ಇಎಂಐ ಮೇಲೆ ಲೆನ್ಸ್ ಕೊಂಡಿದ್ದೀವಿ, ಹೋಗ್ತಾ ಬರ್ತಾ ಪೆಟ್ರೋಲ್, ದಾರಿಯಲ್ಲಿ ಮಸಾಲೆ ದೋಸೆ. ನಾಲ್ಕು-ಆರು ಇಂಚಿನ ಒಂದು ಪ್ರಿಂಟಿಗೆ ಅವತ್ತಿನ ಕಾಫಿಯಷ್ಟೂ ಆಗಲ್ಲ.

ಮುಂಚೆ ಜಾತ್ರೆಗಳಲ್ಲಿ ಫೋಟೋದವರ ಅಂಗಡಿ ಇರ್ತಿತ್ತು. ಹಿಂದೆ ತಾಜ್ ಮಹಲ್ ಬರೆದ ಪರದೆ, ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡ. ನಮ್ಮಮ್ಮನ ತವರಿನಲ್ಲಿ ಅಜ್ಜಿ-ತಾತನ ಅಂಥದ್ದೊಂದು ಫೋಟೋ ಇದೆ. ಇಬ್ಬರೂ ಕಡ್ಡಿ ಥರ ನೆಟ್ಟಗೆ ನಿಂತಿದ್ದಾರೆ. ತಾತ ತಲೆ ಬಾಚಿದ್ದಾರೆ, ಅಜ್ಜಿ ಸೆರಗು ಹೊದ್ದಿದ್ದಾರೆ, ಇಬ್ಬರೂ ಸೀದಾ ಕ್ಯಾಮೆರಾ ನೋಡ್ತಿದ್ದಾರೆ. ನಾನು ಕಾಲೇಜಿನಲ್ಲಿದ್ದಾಗ ಅದನ್ನ ನೋಡಿ ನಕ್ಕಿದ್ದೆ. ಆದರೆ ಹೇಗೆ ನಿಲ್ಲಬೇಕು, ಹೇಗೆ ಕಾಣಬೇಕು ಅಂತ ಅವತ್ತು ತೀರ್ಮಾನ ಮಾಡಿದ್ದು ಅವರು. ದುಡ್ಡು ಕೊಟ್ಟರು, ಫೋಟೋ ಅವರ ಮನೆಗೆ ಹೋಯ್ತು. ಇವತ್ತಿಗೂ ಅಲ್ಲೇ ಇದೆ. ನನ್ನ ಯಾವ ಫೋಟೋಗೂ ಆ ಆಯುಷ್ಯ ಇಲ್ಲ.

ಆ ಅಜ್ಜನ ವಿಷಯಕ್ಕೆ ವಾಪಸ್ ಬರ್ತೀನಿ. ಈ ಸಲ ಮಗನ ನಂಬರ್, ಊರು ಬರೆದುಕೊಂಡೆ. ಎರಡು ವಾರ ಬಿಟ್ಟು ಎಲ್ಲ 42 ಫೋಟೋಗಳ ಪ್ರಿಂಟ್ ಹಾಕಿಸಿ, "ಮಣ್ಣಿನ ಮಗ"ನಿಗೆ ಮಾತ್ರ ಕಟ್ಟು ಹಾಕಿಸಿಕೊಂಡು ಅವರ ಮನೆಗೇ ಹೋದೆ. ಮನೆಯವರೆಲ್ಲ ಸೇರಿ ನೋಡಿದರು. ಅಜ್ಜಿ ಕಟ್ಟು ಹಾಕಿಸಿದ್ದನ್ನ ಪಕ್ಕಕ್ಕಿಟ್ಟು, ಉಳಿದವನ್ನ ಒಂದೊಂದೇ ತಿರುವಿ, ಒಂದರ ಮೇಲೆ ಕೈ ಇಟ್ಟರು. "ಇದು ಕಣಪ್ಪ. ಇದ್ರಾಗ್ ಅವ್ರು ನನ್ನೇ ನೋಡ್ತಾವ್ರೆ."

ಅದು ನಾನು "ಕ್ಯಾಮೆರಾ ನೋಡಿಬಿಟ್ಟ, ವೇಸ್ಟು" ಅಂತ ಪಕ್ಕಕ್ಕೆ ಹಾಕಿದ್ದ ಫೋಟೋ. ಈಗ ಆಧಾರ್ ಫೋಟೋ ಇದ್ದ ಜಾಗದಲ್ಲಿ ಅದಿದೆ. ಅಜ್ಜನಿಗೆ ಮಾತ್ರ ಅದನ್ನ ತೋರಿಸೋಕಾಗಲಿಲ್ಲ. ಆ ತಪ್ಪು ನನ್ನದು, ಪ್ರಿಂಟ್ ಕೊಟ್ಟ ಮಾತ್ರಕ್ಕೆ ಅದು ಹೋಗಲ್ಲ.

ಹಾಗಾದರೆ ಜಾತ್ರೆಗೆ ಹೋಗೋದೇ ಬೇಡವಾ? ಹೋಗೋಣ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಜೀವಮಾನವಿಡೀ ಸಾಮಾನ್ಯ ಜನರ ಫೋಟೋ ತೆಗೆದರು. ಅವರ ಚಿತ್ರಗಳಲ್ಲಿ ಯಾರೂ ಪ್ರದರ್ಶನದ ವಸ್ತುವಿನ ಹಾಗೆ ನನಗೆ ಕಾಣಲ್ಲ. ಅಷ್ಟು ದೊಡ್ಡ ಕಣ್ಣು ನಮಗಿಲ್ಲದಿದ್ದರೂ ಒಂದಿಷ್ಟು ನಡವಳಿಕೆ ಕಲೀಬಹುದು. ನನಗೆ ನಾನೇ ಹಾಕ್ಕೊಂಡಿರೋ ನಿಯಮ ಹೇಳ್ತೀನಿ:

1. ಮೊದಲು ಮಾತು, ಆಮೇಲೆ ಕ್ಯಾಮೆರಾ. "ಬೇಡ" ಅಂದರೆ ಬೇಡ. ದೂರ ಹೋಗಿ ಉದ್ದ ಲೆನ್ಸಿನಲ್ಲಿ ಕದ್ದು ತೆಗೆಯೋದೂ ಬೇಡ.
2. ಟವೆಲ್ ಕೆಳಗೆ ಕೈ ಹೋಗಿದ್ದರೆ ಹತ್ತಿರ ಸುಳಿಯಬಾರದು. ಅದು ಅವರ ವರ್ಷದ ಸಂಪಾದನೆ.
3. ದನಗಳ ಮುಖಕ್ಕೆ ಫ್ಲಾಷ್ ಇಲ್ಲ.
4. ಹೆಸರು, ಊರು, ನಂಬರ್ ಪುಸ್ತಕದಲ್ಲಿ ಬರೆದುಕೊಳ್ಳೋದು. ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳೋದು.
5. ಅವರು ಹೇಗೆ ನಿಲ್ಲಬೇಕು ಅಂತಾರೋ ಹಾಗೆ ಒಂದು ಫೋಟೋ. ಅದರ ಪ್ರಿಂಟ್ ಅವರ ಕೈ ಸೇರೋವರೆಗೆ ಉಳಿದದ್ದು ಯಾವುದನ್ನೂ ಎಲ್ಲೂ ಹಾಕಬಾರದು.

ಐದನೆಯದೇ ಕಷ್ಟ. ಇದರಿಂದ ನಾನು ಹಾಕೋ ಫೋಟೋಗಳು ಕಮ್ಮಿ ಆಗಿವೆ. ಆಗಲಿ ಬಿಡಿ.

ಈಗ ನಿಮ್ಮ ಸರದಿ. ಘಾಟಿಯೋ, ಸಿದ್ಧಗಂಗೆಯೋ, ಬನಶಂಕರಿಯೋ, ನಿಮ್ಮೂರಿನ ತೇರೋ, ಯಾವುದಾದರೂ ಸರಿ, ಜಾತ್ರೆ ಅಂತ ಹೆಸರಿಟ್ಟ ಒಂದು ಫೋಲ್ಡರ್ ನಿಮ್ಮ ಕಂಪ್ಯೂಟರಿನಲ್ಲೂ ಇರುತ್ತೆ. ತೆಗೆದು ನೋಡಿ. ಅದರಲ್ಲಿ ಎಷ್ಟು ಮುಖಗಳ ಹೆಸರು ನಿಮಗೆ ಗೊತ್ತು? ಎಷ್ಟು ಜನಕ್ಕೆ "ಕಳಿಸ್ತೀನಿ" ಅಂದಿದ್ರಿ? ನಾನು ಲೆಕ್ಕ ಹಾಕಿದೆ. ಆ ಅಜ್ಜನದ್ದು ಬಿಟ್ಟು ಇನ್ನೂ ಹನ್ನೊಂದು ಬಾಕಿ ಇದೆ. ಮುಂದಿನ ಜಾತ್ರೆಗೆ ಪ್ರಿಂಟ್ ಹಿಡಿದುಕೊಂಡು ಅದೇ ಮರಗಳ ಕೆಳಗೆ ಹುಡುಕಬೇಕು.

ಯಾರಾದ್ರೂ ಜೊತೆಗೆ ಬರ್ತೀರಾ? ಕಾರಿನಲ್ಲಿ ಮೂರು ಸೀಟ್ ಖಾಲಿ ಇದೆ. ಕ್ಯಾಮೆರಾ ತಂದರೂ ಸರಿ, ಪ್ರಿಂಟ್ ಮಾತ್ರ ಮರೀಬೇಡಿ.