ನಾನು ತಪ್ಪಾಗಿ ಹೇಳಿಕೊಟ್ಟ ಒಂದು ಪಾಠ



ಎಂಟನೆಯ ತರಗತಿಯಲ್ಲಿ ಕೋಳಿಯ ಮೂಳೆಯನ್ನು ವಿನೆಗರ್‌ನಲ್ಲಿ ನೆನೆಸಿಟ್ಟು, ಕೆಲವು ದಿನಗಳ ಬಳಿಕ ಅದನ್ನು ರಬ್ಬರಿನಂತೆ ಬಗ್ಗಿಸಿ ತೋರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸುಣ್ಣದ ಅಂಶ ಕರಗಿದರೆ ಮೂಳೆಯ ಗಟ್ಟಿತನ ಹೋಗುತ್ತದೆ ಎಂಬುದು ಪಾಠ. ಪ್ರಯೋಗವೇನೋ ಸರಿಯಾಗಿಯೇ ಇತ್ತು. ಆದರೆ ಕೊನೆಯಲ್ಲಿ, "ಮೂಳೆಯೆಂದರೆ ಮನೆಯ ಕಂಬದಂತೆ, ಒಮ್ಮೆ ನಿಲ್ಲಿಸಿದರೆ ಮುಗಿಯಿತು" ಎಂದು ನಾನು ಸೇರಿಸುತ್ತಿದ್ದ ಮಾತು ತಪ್ಪು. ಅದು ನನಗೆ ಅರ್ಥವಾದದ್ದು ನನ್ನ ಅಕ್ಕನ ಬೆನ್ನೆಲುಬು ಕುಸಿದಾಗ.

1994ರಲ್ಲಿ ಅಕ್ಕನಿಗೆ 46 ವರ್ಷ. ಮುಂಜಾನೆ ರಂಗೋಲಿಯ ಪುಡಿಯನ್ನು ಬೆರಳಲ್ಲಿ ಹಿಡಿಯಲಾಗುತ್ತಿರಲಿಲ್ಲ, ಒಗೆದ ಬಟ್ಟೆ ಹಿಂಡಲಾಗುತ್ತಿರಲಿಲ್ಲ. ಎರಡೂ ಕೈಗಳ ಬೆರಳ ಗೆಣ್ಣುಗಳು ಒಂದೇ ರೀತಿ ಊದಿದ್ದವು. ಬಿಸಿಲೇರಿದ ಮೇಲೆ ಕೈ ಸಡಿಲವಾಗುತ್ತಿತ್ತು. ಕೇಳಿದರೆ, "ಏನಿಲ್ಲ ಕಣೋ, ವಾತ. ಅಮ್ಮನಿಗೂ ಇತ್ತಲ್ಲ" ಎನ್ನುತ್ತಿದ್ದಳು. ಔಷಧದ ಅಂಗಡಿಯೊಂದರಿಂದ ಚೀಟಿಯಿಲ್ಲದೆ ತಂದ ಸಣ್ಣ ಬಿಳಿಯ ಮಾತ್ರೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾಯಿತು. ಮುಖ ದುಂಡಗಾದುದನ್ನು ಕಂಡು, ಮೈ ತುಂಬಿಕೊಂಡಿದ್ದಾಳೆಂದು ನಾವೆಲ್ಲ ಸಂತೋಷಪಟ್ಟೆವು. ಆರು ವರ್ಷ ಹೀಗೆಯೇ ನಡೆಯಿತು. ಒಂದು ದಿನ ಬಾವಿಯಿಂದ ಕೊಡವನ್ನು ಎತ್ತುವಾಗ ಬೆನ್ನು ಹಿಡಿಯಿತು. ಎಕ್ಸ್‌ರೇಯಲ್ಲಿ ನೋಡಿದರೆ ಒಂದು ಕಶೇರು ಅಪ್ಪಚ್ಚಿಯಾಗಿತ್ತು.

ಪಟ್ಟಣದ ವೈದ್ಯರು ವಿವರಿಸಿದ್ದನ್ನೂ ಅನಂತರ ನಾನು ಓದಿ ತಿಳಿದುದನ್ನೂ ಇಲ್ಲಿ ಹೇಳುತ್ತೇನೆ. ಮೂಳೆ ಜೀವಂತ ವಸ್ತು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರು ಒಡೆದುದನ್ನು ತೆಗೆದು ಹೊಸದನ್ನು ಹೊದಿಸುವಂತೆ, ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇಕಡ 10ರಷ್ಟು ಮೂಳೆ ಹೀಗೆ ನವೀಕರಣಗೊಳ್ಳುತ್ತದೆ. ಅಕ್ಕನಿಗಿದ್ದ ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡಿ ಉರಿಯೂತವನ್ನು ಹುಟ್ಟಿಸುತ್ತದೆ. ಅದರಿಂದ ಹೊರಡುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ರಾಸಾಯನಿಕ ಸಂದೇಶಗಳು ಕೆಡಹುವವರನ್ನು ಹೆಚ್ಚಿಸಿ, ಕಟ್ಟುವವರ ಕೈಯನ್ನು ಕಟ್ಟಿಹಾಕುತ್ತವೆ. ಈ ಸಂದೇಶಗಳು ರಕ್ತದಲ್ಲಿ ಹರಿಯುವುದರಿಂದ ಹಾನಿ ಬೆರಳ ಗೆಣ್ಣಿಗಷ್ಟೇ ನಿಲ್ಲದೆ ಸೊಂಟ, ಬೆನ್ನೆಲುಬುಗಳವರೆಗೂ ಮುಟ್ಟುತ್ತದೆ. ನೋವಿನಿಂದ ಓಡಾಟ ಕಡಿಮೆಯಾದರೆ ಮೂಳೆ ಇನ್ನಷ್ಟು ಸೊರಗುತ್ತದೆ.

ಆ ಬಿಳಿಯ ಮಾತ್ರೆ ಸ್ಟೀರಾಯ್ಡ್ ಆಗಿತ್ತು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಈ ವರ್ಗದ ಕಾರ್ಟಿಸೋನ್ ಅನ್ನು ಮೊದಲಬಾರಿಗೆ ಈ ರೋಗಕ್ಕೆ ಕೊಟ್ಟಾಗ ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂದಿತು. ಆದರೆ ಅದೇ ಔಷಧ ಹೊಸ ಮೂಳೆ ಕಟ್ಟುವುದನ್ನು ತಡೆಯುತ್ತದೆ, ಮೊದಲ ಕೆಲವು ತಿಂಗಳುಗಳಲ್ಲಿಯೇ ಮೂಳೆ ವೇಗವಾಗಿ ನಷ್ಟವಾಗುತ್ತದೆ. ತಜ್ಞರು ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲಕ್ಕೆ ಕೊಡುವುದು ಬೇರೆ, ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವುದು ಬೇರೆ.

ಇದನ್ನು ಕೇಳಿದ ಕೆಲವರು, "ಹಾಗಾದರೆ ಔಷಧವೇ ಬೇಡ, ಸಹಿಸಿಕೊಂಡಿರುವುದೇ ಲೇಸು" ಎನ್ನುತ್ತಾರೆ. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆಯೇ. ಹತ್ತು ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಅಂದಾಜಿಸಲು ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ‘ಫ್ರಾಕ್ಸ್’ ಎಂಬ ಲೆಕ್ಕಾಚಾರದಲ್ಲಿ ಸ್ಟೀರಾಯ್ಡ್ ಸೇವನೆ ಒಂದು ಪ್ರಶ್ನೆ, ರುಮಟಾಯ್ಡ್ ಸಂಧಿವಾತ ಮತ್ತೊಂದು ಪ್ರಶ್ನೆ. ಅಂದರೆ ಮಾತ್ರೆಯನ್ನೇ ಮುಟ್ಟದವರ ಮೂಳೆಯನ್ನೂ ಈ ರೋಗ ತಿನ್ನುತ್ತದೆ. ಸಹನೆಯಿಂದ ಉರಿಯೂತ ಆರುವುದಿಲ್ಲ. ಅದನ್ನು ಆರಿಸುವ ಮೆಥೊಟ್ರೆಕ್ಸೇಟ್‌ನಂತಹ ಔಷಧಗಳು ಅಕ್ಕನ ಕಾಲದಲ್ಲಿಯೂ ಇದ್ದವು. ಇಲ್ಲದಿದ್ದುದು ನಮ್ಮ ಗಮನ. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹೆಂಗಸರ ನೋವನ್ನು ‘ವಾತ’, ‘ವಯಸ್ಸು’ ಎಂಬ ಎರಡು ಶಬ್ದಗಳಲ್ಲಿ ಮುಗಿಸಿಬಿಡುವ ನಮ್ಮ ಮನೆಗಳ ಅಭ್ಯಾಸವೇ ಅಕ್ಕನ ಬೆನ್ನನ್ನು ಬಗ್ಗಿಸಿತು ಎಂದು ನಾನು ಹೇಳುತ್ತೇನೆ. ಆ ಮನೆಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬನೂ ಇದ್ದ ಎಂಬುದನ್ನು ಮರೆಮಾಚುವುದಿಲ್ಲ.

ಆದುದರಿಂದ ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಭಾನುವಾರ ಅಮ್ಮನಿಗೋ ಅಕ್ಕನಿಗೋ ಫೋನ್ ಮಾಡಿದಾಗ, "ಬೆಳಿಗ್ಗೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿದಿರುತ್ತದೆ?" ಎಂದು ಕೇಳಿ. ಅರ್ಧ ಗಂಟೆಗೂ ಮೀರಿ, ವಾರಗಟ್ಟಲೆ ಹಾಗಿದ್ದು, ಗೆಣ್ಣುಗಳೂ ಊದಿದ್ದರೆ ಸಂಧಿವಾತ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ, ದಿನವೂ ಅಲ್ಲ ಎಂಬುದನ್ನು ಎರಡು ಸಲ ಹೇಳಿ. ಸ್ಟೀರಾಯ್ಡ್ ಈಗಾಗಲೇ ನಡೆಯುತ್ತಿದ್ದರೆ ಹಠಾತ್ತನೆ ನಿಲ್ಲಿಸಬೇಡಿ, ಅದೂ ಅಪಾಯಕಾರಿ. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಅಕ್ಕ ಈಗಿಲ್ಲ. ಕೊನೆಯ ವರ್ಷಗಳಲ್ಲಿ ಅವಳು ನನ್ನ ಮುಖ ನೋಡಬೇಕಾದರೆ ಕತ್ತನ್ನು ಓರೆ ಮಾಡಬೇಕಾಗುತ್ತಿತ್ತು. ನಿಮ್ಮ ಹಳೆಯ ಟಿಪ್ಪಣಿ ಪುಸ್ತಕ ಇನ್ನೂ ಇದ್ದರೆ, ಆ ಕಂಬದ ಸಾಲನ್ನು ದಯವಿಟ್ಟು ಹೊಡೆದುಹಾಕಿ.