ಯಾರ ಅಂಗಡಿ? ಯಾರ ಕೈ?

ಮಳೆಗಾಲ ಬಂತೆಂದರೆ ಘಟಪ್ರಭೆ ಕೆಂಪಾಗಿ ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ರವಿವಾರ ಜನ ಕಾರು, ಟೆಂಪೋ ಮಾಡಿಕೊಂಡು ಬರುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ, ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಳ್ಳುತ್ತಾರೆ, ಮಕ್ಕಳು ಹಟ ಮಾಡಿದರೆ ಪ್ಲಾಸ್ಟಿಕ್ಕಿನ ಬಂದೂಕೊಂದನ್ನು ಕೊಡಿಸುತ್ತಾರೆ. ಅಲ್ಲಿಗೆ ಪ್ರವಾಸ ಮುಗಿಯಿತು.

ಕರದಂಟಿನ ಬಗ್ಗೆ ನಮ್ಮ ತಕರಾರಿಲ್ಲ. ಅಂಟು ಕರಿದು, ಬೆಲ್ಲ, ಕೊಬ್ಬರಿ, ಒಣಹಣ್ಣು ಕೂಡಿಸಿ ಮಾಡಿದ ಆ ಸಿಹಿ ಈ ಊರಿನದೇ. ನಮ್ಮ ತಕರಾರು ಆ ಪ್ಲಾಸ್ಟಿಕ್ ಬಂದೂಕಿನ ಬಗ್ಗೆ. ಏಕೆಂದರೆ ಅದನ್ನು ಕೊಂಡದ್ದು ಗೊಂಬೆಗಳ ಊರಿನಲ್ಲಿ! ಹಗುರ ಕಟ್ಟಿಗೆ ಮತ್ತು ಒಂದು ಬಗೆಯ ಮಣ್ಣಿನಿಂದ ಮಾಡುವ ಗೋಕಾಕದ ಹಣ್ಣುಗಳು, ಮನುಷ್ಯರ ಗೊಂಬೆಗಳು ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೇ ಹೆಸರು ಪಡೆದಿವೆ. ಇಲ್ಲಿ ಒಮ್ಮೆ ದೊಡ್ಡದಾಗಿದ್ದ ನೇಯ್ಗೆ ಮತ್ತು ಬಣ್ಣ ಹಾಕುವ ಕಸುಬು ಆಗಲೇ ಕುಗ್ಗಿತ್ತೆಂದೂ, ಒರಟು ಕಾಗದ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿತ್ತೆಂದೂ ಅದರಲ್ಲಿದೆ. ಇಂದು ಗೋಕಾಕದ ಕಾಗದವನ್ನು ನೆನೆಯುವವರು ಯಾರು? ಗೊಂಬೆಯೂ ಅದೇ ದಾರಿ ಹಿಡಿಯಬೇಕೇ?

"ಗೊಂಬಿ ಭಾಳ ತುಟ್ಟಿ ಆತ್ರೀ" ಎನ್ನುತ್ತಾರೆ. ದೊಡ್ಡ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಡುವ ನಾವು, ಕೆತ್ತಿ, ಒಣಗಿಸಿ, ಬಣ್ಣ ಬಳಿದವನ ಎದುರು ಮಾತ್ರ ಹತ್ತು ರೂಪಾಯಿಗೆ ಜಗಳಕ್ಕೆ ನಿಲ್ಲುತ್ತೇವೆ. ಇದು ಜಾಣತನವೇ?

ದೂರದ ಊರೊಂದರ ಕಥೆ ಕೇಳಿ. ಸ್ಪೇನಿನ ಗ್ರನಾಡಾ ಎಂದರೆ ನಮ್ಮವರ ಕಣ್ಣು ಒದ್ದೆಯಾಗುತ್ತದೆ. 1492ರಲ್ಲಿ ಕೈತಪ್ಪಿದ ಅಲ್‌ಹಂಬ್ರಾದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ. ಮುಸ್ಲಿಂ ಅರಸರ ಕಾಲದಲ್ಲಿ ಅಲ್ಲಿನ ಅಲ್ಕೈಸೆರಿಯಾ ರೇಷ್ಮೆಯ ಪೇಟೆಯಾಗಿತ್ತು. 1843ರಲ್ಲಿ ಬೆಂಕಿಗೆ ತುತ್ತಾಯಿತು. ಮತ್ತೆ ಕಟ್ಟಿದ ಓಣಿಗಳಲ್ಲಿ ಈಗ ಪ್ರವಾಸಿಗರಿಗೆ ನೆನಪಿನ ಸಾಮಾನು ಮಾರುತ್ತಾರೆ. ಪೇಟೆಯ ವೇಷ ಉಳಿದಿದೆ, ರೇಷ್ಮೆ ಹೋಗಿದೆ. ಆದರೆ ಕಟ್ಟಿಗೆಯೊಳಗೆ ಬೇರೆ ಬಣ್ಣದ ಕಟ್ಟಿಗೆ ಕೂರಿಸುವ 'ತರಾಸೆಯಾ' ಕಸುಬು ಅದೇ ಊರಿನಲ್ಲಿ ಇನ್ನೂ ಇದೆ. ಹೆಸರು ಅರಬ್ಬಿ ಮೂಲದ್ದು, ಮಾಡುವವರು ಇಂದಿನ ಸ್ಪೇನಿನವರು. ಅರಸರು ಹೋದ ಐದುನೂರು ವರ್ಷಗಳ ಮೇಲೂ ಒಂದು ಕಸುಬು ಬದುಕಿದ್ದರೆ ಅದು ಭಾಷಣದಿಂದಲ್ಲ, ಕೊಳ್ಳುವವರಿಂದ.

ನಮ್ಮಲ್ಲಿ ಈಚೆಗೆ ಇನ್ನೊಂದು ರೋಗ ಹತ್ತಿಕೊಂಡಿದೆ. ಸಾಮಾನು ಯಾರು ಮಾಡಿದರೆಂದು ಕೇಳದವರು ಅಂಗಡಿ ಯಾರದೆಂದು ಕೇಳುತ್ತಿದ್ದಾರೆ. 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದೆಂಬ ಕೂಗೆದ್ದಿತು. ಅದೇ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಬಳಿ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಒಡೆದರು. ಆ ಹಣ್ಣು ಬೆಳೆದ ರೈತನ ಜಾತಿಯನ್ನು ಒಡೆದವರು ಕೇಳಿದ್ದರೇ?

ಹಾಗೆಂದು ನಾವೇನು ಶುದ್ಧರಲ್ಲ. "ನಮ್ಮವರ ಅಂಗಡಿಯಲ್ಲೇ ತಗೊಳ್ರಿ" ಎಂಬ ಮಾತನ್ನು ಮಸೀದಿಯ ಮೆಟ್ಟಿಲ ಮೇಲೂ ಕೇಳಿದ್ದೇವೆ, ಕೇಳಿ ಸುಮ್ಮನಿದ್ದೇವೆ. ಪ್ರವಾದಿ(ಸ) ನಿಧನರಾದಾಗ ಅವರ ಕವಚ ಬಾರ್ಲಿಗಾಗಿ ಯಹೂದಿಯೊಬ್ಬನ ಬಳಿ ಅಡವಿತ್ತೆಂದು ಹದೀಸ್ ಹೇಳುತ್ತದೆ. ಮದೀನಾದಲ್ಲಿ ಅವರಿಗೆ 'ನಮ್ಮವರ' ಅಂಗಡಿ ಸಿಗಲಿಲ್ಲವೇ?

ಗೋಕಾಕದಲ್ಲಿ ಗೊಂಬೆ ಮಾಡುವವರು ಜೀನಗಾರರು. ಫಾರ್ಸಿಯಲ್ಲಿ 'ಜೀನ್' ಎಂದರೆ ಕುದುರೆಯ ತಡಿ, 'ಗರ್' ಎಂದರೆ ಮಾಡುವವ. ಹಿಂದೂ ಕಸುಬುದಾರರ ಕುಲಕ್ಕೆ ಫಾರ್ಸಿ ಹೆಸರು! ಇವರನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಮನೆಯಲ್ಲಿ ಮೂರ್ತಿ ಬೇಡವೆನ್ನುವ ನಮ್ಮ ಮನೆಯವರಿಗೆ ಒಂದು ಮಾತು: ಅವರು ಮಾವು, ಬಾಳೆಯನ್ನೂ ಮಾಡುತ್ತಾರೆ. ಹಣ್ಣು ಕೊಳ್ಳಲು ಯಾವ ಮೌಲಾನಾ ಅಡ್ಡ ಬರುವುದಿಲ್ಲ.

ಹಾಗಾದರೆ ಎಲ್ಲಿ ಕೊಳ್ಳಬೇಕು? ಗೋಕಾಕಕ್ಕೆ ಬಂದವರು ಗೊಂಬೆ ಮಾಡುವವರ ಮನೆ ಕೇಳಿಕೊಂಡು ಹೋಗಲಿ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟ ನೋಡಿದವರು ಹಾಗೆಯೇ ಬಸ್ಸು ಹತ್ತದೆ ಸಂತೆಯಲ್ಲೊಂದು ಸುತ್ತು ಹಾಕಲಿ. ಅದೇ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿ, ಬೆಲ್ಲ ಕೊಳ್ಳಲಿ. ಈಚೆಗೆ ತಾಲೂಕಾದ ಮೂಡಲಗಿಯಲ್ಲಿ ಬೆಳೆದವನೇ ಬುಟ್ಟಿ ಇಟ್ಟುಕೊಂಡು ಕೂತಿದ್ದರೆ ಅವನ ಮುಂದೆ ನಿಲ್ಲಲಿ. ಕೇಳಬೇಕಾದದ್ದು ಒಂದೇ: ಇದು ಯಾರ ಕೈಯದು? ಉತ್ತರ ಕೊಡುವ ಕೈ ಎದುರಿಗಿದ್ದರೆ ಅಲ್ಲೇ ಹಣ ಕೊಡಿ. ಹೆಸರು ಕೇಳುವುದಾದರೆ ಮುಂದಿನ ಸಲ ಬಂದಾಗ ಅವರನ್ನೇ ಹುಡುಕಿಕೊಂಡು ಹೋಗಲು ಕೇಳಿ.